ಮೂಗು ಸತ್ತವರು

ಅವತ್ತು ಬೆಳಿಗ್ಗೆ ತಂಗಿ ಕೈಗವಸು ಹಾಕಿಕೊಳ್ಳುತ್ತ, "ಅಕ್ಕಾ, ನಂಗೂ ಈಗ ಏನೂ ವಾಸನೆ ಬರ್ತಿಲ್ಲ ಕಣೇ" ಅಂದಳು. ನಾನು ನಕ್ಕು ಅವಳ ಬೆನ್ನು ತಟ್ಟಿದೆ. ನಮ್ಮ ಜೊತೆ ಕೆಲಸ ಮಾಡುವ ಫಿಟ್ಟರ್ ತನ್ನ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಅವಳ ಕೈಗಿಟ್ಟು, "ಅಂತೂ ಇಂತೂ ಮಹಾರಾಣಿ ನಮ್ಮ ಸಾಲಿಗೆ ಸೇರಿದ್ಲು" ಎಂದ.

ನಮ್ಮದು ಕೊಳಚೆ ನೀರು ಶುದ್ಧ ಮಾಡುವ ಘಟಕ. ನಾಲ್ಕು ಬಡಾವಣೆಯವರು ಮಿಂದದ್ದು, ತೊಳೆದದ್ದು, ಉಗಿದದ್ದು ಎಲ್ಲ ನಮ್ಮ ತೊಟ್ಟಿಗೆ ಬರುತ್ತದೆ. ಇಲ್ಲಿ ಒಂದೆರಡು ವರ್ಷ ದುಡಿದರೆ ಮೂಗು ಸಾಯುತ್ತದೆ. ನನ್ನದು ಸತ್ತು ಹದಿನೈದು ವರ್ಷವಾಯಿತು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಉಳಿದಿದೆ ಎಂದು ಗಂಡ ಹಂಗಿಸುತ್ತಾನೆ. ಮೂಗು ಸತ್ತದ್ದು ನಮಗೊಂದು ಹೆಮ್ಮೆ, ಯಾಕೋ ಗೊತ್ತಿಲ್ಲ. ತಂಗಿಯನ್ನು ಎಂಟು ತಿಂಗಳ ಹಿಂದೆ ಇಲ್ಲಿಗೆ ಸೇರಿಸಿದವಳು ನಾನೇ. ಮೊದಲ ದಿನದಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದಕ್ಕೇ ಅವಳು ಮಹಾರಾಣಿಯಾದದ್ದು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳೂ ನಾನೇ. "ಅವಳನ್ನ ನಿನ್ನ ಕೈಗೆ ಹಾಕಿದ್ದೀನಿ" ಎಂದು ಅಮ್ಮ ಹೇಳಿದ್ದು ನನಗೆ ಆಗೊಮ್ಮೆ ಈಗೊಮ್ಮೆ ನೆನಪಾಗುತ್ತಿತ್ತು, ಅಷ್ಟೆ.

ನೆಲಮಾಳಿಗೆಯ ತೊಟ್ಟಿಯಲ್ಲಿ ಮೆಂಬ್ರೇನುಗಳಿವೆ. ದಾರದಷ್ಟು ಸಣ್ಣ ಬಿಳಿ ನಳಿಗೆಗಳು, ಸಾವಿರಾರು. ಪಂಪು ಅವುಗಳ ಮೂಲಕ ನೀರು ಹೀರುತ್ತದೆ, ಕೊಳೆ ಹೊರಗೇ ಉಳಿಯುತ್ತದೆ. ಉಳಿದದ್ದು ಸುಮ್ಮನಿರುವುದಿಲ್ಲ. ಲೋಳೆಯಾಗಿ ಅಂಟಿಕೊಂಡು ಒಂದೊಂದೇ ರಂಧ್ರ ಮುಚ್ಚುತ್ತ ಬರುತ್ತದೆ. ಪಂಪು ಇನ್ನೂ ಜೋರಾಗಿ ಎಳೆಯಬೇಕಾಗುತ್ತದೆ, ಮೀಟರಿನ ಮುಳ್ಳು ಏರುತ್ತದೆ. ಹದಿನೈದರಲ್ಲಿರಬೇಕಾದ ಮುಳ್ಳು ಆ ವಾರ ಮೂವತ್ತೆಂಟಕ್ಕೆ ಬಂದಿತ್ತು. ನಲವತ್ತು ದಾಟಿದರೆ ಪಂಪು ತಾನೇ ನಿಂತುಬಿಡುತ್ತದೆ, ಕೊಳಚೆ ಬಂದ ದಾರಿಯಲ್ಲೇ ಜನರ ಬಚ್ಚಲಿಗೆ ವಾಪಸು ಹೋಗುತ್ತದೆ.

ಆದ್ದರಿಂದ ಅವತ್ತು ಮೆಂಬ್ರೇನು ತೊಳೆಯುವ ದಿನ. ಮೊದಲು ಬ್ಲೀಚ್ ನೀರಿನಲ್ಲಿ ನೆನೆಸಬೇಕು, ಲೋಳೆ ಬಿಡುತ್ತದೆ. ಆಮೇಲೆ ಎರಡು ಸಲ ಒಳ್ಳೆ ನೀರು ತುಂಬಿ ಖಾಲಿ ಮಾಡಬೇಕು. ಆ ನೀರಿಗೆ ಪರೀಕ್ಷೆಯ ಕಾಗದ ಅದ್ದಿ ನೋಡಬೇಕು. ನೀಲಿಯಾದರೆ ಬ್ಲೀಚ್ ಇನ್ನೂ ಇದೆ. ಬೆಳ್ಳಗೇ ಉಳಿದರೆ ಮಾತ್ರ, ಗಟ್ಟಿ ಪದರ ಕರಗಿಸಲು ಆಸಿಡ್ ಬಿಡಬೇಕು. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು ಉರಿಯುವ ಹೊತ್ತಿಗೆ ಅದು ಎದೆಗಿಳಿದಿರುತ್ತದೆ. ಹೊಸಬರಿಗೆಲ್ಲ ಇದನ್ನು ಹೇಳಿಕೊಡುವುದು ನಾನು.

ಹನ್ನೊಂದು ಗಂಟೆಗೆ ಮ್ಯಾನೇಜರ್ ಫೋನ್ ಮಾಡಿದರು. "ಹೊರಗಿನ ತೊಟ್ಟಿ ತುಂಬ್ತಾ ಇದೆ. ಇನ್ನೆಷ್ಟು ಹೊತ್ತು?"

"ಅರ್ಧ ಗಂಟೆ ಸರ್" ಎಂದೆ. ಬೇಕಿದ್ದದ್ದು ಎರಡು ಗಂಟೆ.

ಒಳ್ಳೆ ನೀರಿನಲ್ಲಿ ಒಂದು ಸಲ ತೊಳೆದಾಗಿತ್ತು. ಹದಿನೇಳು ವರ್ಷದ ಅನುಭವ ತಲೆಗೇರಿದಾಗ ಕಾಗದ ಯಾರಿಗೆ ಬೇಕು? ನೆಲಮಾಳಿಗೆಯಲ್ಲಿದ್ದ ತಂಗಿಗೆ ಅಲ್ಲಿನ ಗೋಡೆ ಫೋನಿನಲ್ಲಿ ಕರೆ ಮಾಡಿ, "ಆಸಿಡ್ ಬಿಡು" ಎಂದೆ.

"ಇನ್ನೊಂದು ಸಲ ತೊಳೆಯೋದಿತ್ತಲ್ಲ ಅಕ್ಕಾ?"

"ನಂಗೇ ಹೇಳಿಕೊಡ್ತೀಯಾ? ಬಿಡು ಅಂದ್ರೆ ಬಿಡು."

ಫೋನು ಇಟ್ಟೆ. ನಾನು ರಿಜಿಸ್ಟರ್ ತೆರೆದೆ. 'ಕಾಗದದ ಬಣ್ಣ' ಎಂಬ ಅಂಕಣ ಖಾಲಿ ಬಿಡುವಂತಿಲ್ಲ. ಮೊದಲ ತೊಳೆತದ ನೀರನ್ನು ತಂಗಿ ಒಂದು ಬಾಟಲಿಯಲ್ಲಿ ತಂದು ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಬರೆಯುವ ಶಾಸ್ತ್ರಕ್ಕೆ ಒಂದು ಕಾಗದ ಅದ್ದಿದೆ. ಅದು ತಕ್ಷಣ ಶಾಯಿಯಂತೆ ನೀಲಿಯಾಯಿತು.

ಗಡಿಯಾರ ನೋಡಿದೆ, ಆಸಿಡ್ ಬಿಡು ಎಂದು ಆಗಲೇ ಆರು ನಿಮಿಷವಾಗಿತ್ತು. ಮತ್ತೆ ಕರೆ ಮಾಡಿದೆ, ಕೆಳಗಿನ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅನಿಲ ಬಂದರೆ ಕೂಗಲೆಂದು ಅಲ್ಲಿ ಗೋಡೆಗೊಂದು ಯಂತ್ರವಿದೆ. ಸುಮ್ಮಸುಮ್ಮನೆ ಅರಚುತ್ತದೆಂದು ಅದರ ತಂತಿ ಕಿತ್ತವಳು ನಾನು. ಬೆಳಿಗ್ಗೆ ತಂಗಿ ಹೇಳಿದ ಮಾತು ಆಗ ನೆನಪಾಯಿತು. ಅವಳಿಗೆ ವಾಸನೆ ಬರುವುದಿಲ್ಲ. ಅದಕ್ಕೆ ನಾವು ಬಿಸ್ಕತ್ತು ಕೊಟ್ಟಿದ್ದೆವು.

ಮೆಟ್ಟಿಲ ಬಾಗಿಲಿಗೆ ಓಡಿದೆ. ಕೆಳಗೆ ದೀಪ ಉರಿಯುತ್ತಿತ್ತು, ಎಲ್ಲ ಎಂದಿನಂತೆಯೇ ಕಂಡಿತು. ಮೂಗಿನಿಂದ ಎಷ್ಟು ಉಸಿರೆಳೆದರೂ ಏನೂ ತಿಳಿಯಲಿಲ್ಲ. ಗಾಳಿಯೋ ವಿಷವೋ, ನನ್ನ ಪಾಲಿಗೆ ಎರಡೂ ಒಂದೇ. "ಏಯ್, ಎಲ್ಲಿದೀಯೇ?" ಎಂದು ಕೂಗಿದೆ.

ಒಂದು ಸತ್ಯ ಹೇಳಬೇಕು. ನಾನು ಅಲ್ಲಿ ನಿಂತುಬಿಟ್ಟೆ. ಒಡಹುಟ್ಟಿದವಳು ಕೆಳಗಿದ್ದಾಳೆ ಎಂದು ಗೊತ್ತಿದ್ದೂ ಕಾಲು ಏಳಲಿಲ್ಲ, ಜೀವಭಯ ಅಂಥದ್ದು. ಐದು ಎಣಿಸುವಷ್ಟು ಹೊತ್ತಿರಬಹುದು. ಆಮೇಲೆ ಕರವಸ್ತ್ರ ಬಾಯಿಗೊತ್ತಿಕೊಂಡು ಇಳಿದೆ.

ಅರ್ಧ ಇಳಿಯುವಷ್ಟರಲ್ಲಿ ಕಣ್ಣು ಖಾರ ಎರಚಿದಂತೆ ಉರಿಯತೊಡಗಿತು. ತೊಟ್ಟಿಯ ಪಕ್ಕ ಅವಳ ಒಂದು ಕೈಗವಸು ಬಿದ್ದಿತ್ತು. ಅವಳಿರಲಿಲ್ಲ. ತೊಟ್ಟಿಯ ಮುಚ್ಚಳ ಅರ್ಧ ತೆರೆದಿತ್ತು. ಅದರೊಳಗೆ ಬಗ್ಗಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ, ಈಗಲೂ ಕನಸಿನಲ್ಲಿ ಅದೇ ಮುಚ್ಚಳ. ಕೆಮ್ಮು ಶುರುವಾಯಿತು, ಮಂಡಿ ಕುಸಿಯಿತು. ಅಮ್ಮನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಯಾರೋ ಹಿಂದಿನಿಂದ ನನ್ನ ಕಂಕುಳಿಗೆ ಕೈ ಹಾಕಿ ಎಳೆದರು. ಹಿಂಬಾಗಿಲು, ಏರುದಾರಿ, ಬಿಸಿಲು. ಹುಲ್ಲಿನ ಮೇಲೆ ಬಿದ್ದು ಕಣ್ಣು ಬಿಟ್ಟಾಗ ಮಹಾರಾಣಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನನ್ನ ಮುಖಕ್ಕೆ ನೀರು ಹಾಕುತ್ತಿದ್ದಳು.

"ಆಸಿಡ್ ಬಿಟ್ಟ ಕೂಡ್ಲೇ ಘಾಟು ಬಂತು. ವಾಲ್ವ್ ಮುಚ್ಚಿ ಹಿಂಬಾಗಿಲಿಂದ ಹೊರಗೆ ಓಡಿದೆ, ನಿನ್ನ ಕೆಮ್ಮು ಕೇಳಿ ವಾಪಸ್ ಬಂದೆ. ನೀನ್ಯಾಕೆ ಇಳಿದೆ?"

"ವಾಸನೆ ಬರಲ್ಲ ಅಂದ್ಯಲ್ಲೇ."

ಅವಳು ತಲೆ ತಗ್ಗಿಸಿದಳು. "ಸುಳ್ಳು ಹೇಳಿದೆ. ನೀವೆಲ್ಲ ನಗ್ತಿದ್ರಲ್ಲ."

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದೆ. ಆದದ್ದನ್ನು ಆದಂತೆಯೇ ರಿಜಿಸ್ಟರಿನಲ್ಲಿ ಬರೆದೆ, ಕಿತ್ತ ತಂತಿ ಜೋಡಿಸಿದೆ. ಆದರೂ ಯಂತ್ರವನ್ನು ನಾನು ನಂಬುವುದಿಲ್ಲ. ತಂತಿ ಕೀಳುವ ಕೈಗಳು ಹೇಗಿರುತ್ತವೆಂದು ನನಗೆ ಗೊತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಅವಳನ್ನು ಮೆಟ್ಟಿಲ ಬಾಗಿಲಲ್ಲಿ ನಿಲ್ಲಿಸಿ, "ಏನು ವಾಸನೆ?" ಎಂದು ಕೇಳುತ್ತೇನೆ. ಮೊದಮೊದಲು ನಗುನಗುತ್ತಲೇ ಹೇಳುತ್ತಿದ್ದಳು: ಕೊಳೆತ ಮೊಟ್ಟೆ, ಸೋಪು, ಒದ್ದೆ ಚಿಂದಿ, ಇವತ್ತು ಯಾರೋ ಎಣ್ಣೆ ಚೆಲ್ಲಿದಾರೆ. ಬಾಯಿಗೆ ಬಂದಷ್ಟು ಬೈದುಕೊಂಡು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅದನ್ನು ಕೇಳಿದರೆ ನನಗೆ ಸಮಾಧಾನ.

ಮುಳ್ಳು ಮತ್ತೆ ಮೂವತ್ತು ದಾಟಿದೆ, ನಾಳೆ ತೊಳೆಯಬೇಕು. ಇವತ್ತು ಬೆಳಿಗ್ಗೆ ಕೇಳಿದಾಗ ಅವಳು ಎರಡು ಸಲ ಉಸಿರೆಳೆದುಕೊಂಡಳು. ನನ್ನ ಮುಖ ನೋಡಿದಳು. "ಕೊಳೆತ ಮೊಟ್ಟೆ ಅಕ್ಕಾ" ಎಂದಳು. ನಿನ್ನೆಯೂ ಅದನ್ನೇ ಹೇಳಿದ್ದಳು, ಮೊನ್ನೆಯೂ.