ಮಣ್ಣು ಸಿಗದ ಸೀಮೆ

ಭಾವ ಕಲ್ಯಾಣಪ್ಪ ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ಅಕ್ಕನಾಗಮ್ಮನ ತವರುಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಾಗ ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದ್ದಳು.

"ಅವ್ವಗ ಆರಾಮಿಲ್ಲ. ನಡಿಯವ್ವ, ಹೋಗೂಣು."

"ಅತ್ತಿಗಲ್ಲ. ನಮ್ಮ ಮನಿಯವರಿಗೇ ಏನೋ ಆಗ್ಯಾದ," ಎಂದಳು ಅವಳು.

ಕಲ್ಯಾಣಪ್ಪ ಹೌದೆಂದು ತಲೆ ಆಡಿಸಿದ.

ಅವಳ ಗಂಡ ಶಂಕರೆಪ್ಪ ನೂಲಿನ ಅಂಗಡಿಯನ್ನು ಅಣ್ಣ ಕಲ್ಯಾಣಪ್ಪನಿಗೆ ಬಿಟ್ಟು ಮುಂಬಯಿಯಲ್ಲಿ ವಿಜ್ಞಾನಿಯಾದವನು. ಎಪ್ಪತ್ಮೂರರಲ್ಲಿ ರಷ್ಯನ್ನರ ಜೊತೆ ದಕ್ಷಿಣ ಧ್ರುವದ ಹಿಮಖಂಡಕ್ಕೆ ಹೊರಟಾಗ ಅವಳು ಮಾತು ಬಿಟ್ಟಿದ್ದಳು. ಅವನು ಪಕ್ಕದಲ್ಲಿ ಕೂತು ತಿಳಿಹೇಳಿದ್ದ: "ಭೂಮಿ ಸುತ್ತ ಅದರ ಅಯಸ್ಕಾಂತದ ಬಲ ಹರಡ್ಯಾದ. ಸೂರ್ಯನ ಗಾಳಿ ಬಂದು ಬಡದ್ರ ಅದು ನಾಡಿಯಂಗ ಮಿಡೀತದ. ಆ ಬಲದ ಎಳಿ ಧ್ರುವದ ಹತ್ರ ನೆಲಕ್ಕ ಇಳೀತಾವ. ಮಿಡಿತ ಅಲ್ಲೇ ಜೋರು."

"ಇಲ್ಲಿ ಸಿಗಂಗಿಲ್ಲೇನ್ರಿ?"

"ಸಿಗ್ತದ. ಭಾಳ ಸಣ್ಣಗ."

ಶಂಕರೆಪ್ಪ ತೀರಿಕೊಂಡನೆಂದು ತಾರು ಬಂದೊಡನೆ ಕಲ್ಯಾಣಪ್ಪ ಮುಂಬಯಿಗೆ ಹೋಗಿ ಕೇಳಿಕೊಂಡು ಬಂದಿದ್ದ. ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅದನ್ನೆಲ್ಲ ಹೇಳಿದ. ಮಿಡಿತ ಬರೆದುಕೊಳ್ಳುವ ಯಂತ್ರದ ಹತ್ತಿರ ಕಬ್ಬಿಣ ಇರಕೂಡದು. ಅದಕ್ಕೇ ಅದನ್ನು ಅಲ್ಲಿ ರಷ್ಯನ್ನರು ತಂಗಿದ್ದ ಠಾಣೆಯಿಂದ ದೂರ, ಮರದ ಕೋಣೆಯಲ್ಲಿಟ್ಟಿದ್ದರು. ನಡುವೆ ಹಿಡಿದು ನಡೆಯಲು ಹಗ್ಗ. ಶಂಕರೆಪ್ಪ ಯಂತ್ರದ ಕಾಗದ ಬದಲಿಸಲು ಹೋದಾಗ ಹಿಮಗಾಳಿ ಎದ್ದು ಹಗ್ಗ ಹರಿಯಿತು. ಗಾಳಿ ನಿಂತ ಮೇಲೆ ಸಿಕ್ಕಾಗ ಅವನು ಮೊಣಕಾಲು ಮಡಚಿ, ಕೊರಳ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಕುಳಿತಂತೆಯೇ ಹೆಪ್ಪುಗಟ್ಟಿದ್ದ.

ಸೊಲ್ಲಾಪುರದ ಮನೆಯಲ್ಲಿ ಅತ್ತೆ ಶಾರದಾಬಾಯಿ ಹಿರಿಮಗನನ್ನು ಕೇಳಿದ್ದು ಒಂದೇ: "ಮಣ್ಣ ಕೊಟ್ರೇನು?"

"ಅಲ್ಲಿ ಮಣ್ಣಿಲ್ಲ ಯವ್ವ, ಬರೇ ಬರ್ಫ. ಮ್ಯಾಲ ಕಲ್ಲು ಒಟ್ಯಾರ."

"ಕುಂದ್ರಿಸಿ?"

"ಹ್ಞೂಂ. ಲಿಂಗ ಹಿಡಕೊಂಡು ಕುಂತಿದ್ದ."

ಮುದುಕಿ ಕಣ್ಣೊರೆಸಿಕೊಂಡಳು. ಕೂಡಿಸಿ, ಕೈಗೆ ಲಿಂಗ ಕೊಟ್ಟು ಮಾಡುವ ಲಿಂಗವಂತರ ಸಮಾಧಿಗೆ ಬೇಕಾದದ್ದು ಅಷ್ಟಾದರೂ ಆಯಿತಲ್ಲ ಎಂದು ಬಂದವರಿಗೆಲ್ಲ ಹೇಳತೊಡಗಿದಳು.

ಅಕ್ಕನಾಗಮ್ಮ ಹಿತ್ತಲಲ್ಲಿ ಭಾವನನ್ನು ತಡೆದಳು. "ಖರೇ ಹೇಳ್ರಿ. ಕುಂದ್ರಿಸೇ ಇಟ್ರೇನು?"

ಅವನು ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಕುಂತಂಗ ಹೆಣದ ಪೆಟ್ಟಿಗ್ಯಾಗ ಹಿಡೀಲಿಲ್ಲಂತ. ಬೆಂಕಿ ಕಾವಿನ ಹತ್ರ ಇಟ್ಟು, ಕೈಕಾಲು ನೀಟ ಮಾಡಿ ಮಲಗಿಸ್ಯಾರ."

ಸೊಲ್ಲಾಪುರದ ಚಳಿಗೇ ಶಂಕರೆಪ್ಪ ಮುದುಡಿ, ಅವಳ ಕೌದಿಯನ್ನೂ ಎಳೆದುಕೊಂಡು ಮಲಗುತ್ತಿದ್ದ. ಅಂಥ ಕಾಲುಗಳನ್ನು ಯಾರೋ ಜಗ್ಗಿ ನೇರ ಮಾಡಿದ್ದರು.

"ಅತ್ತಿಗಿ ಇದು ತಿಳೀಬಾರದ್ರಿ," ಎಂದಳು ಅವಳು.

ಒಳಗೆ ನೆರೆಯ ಗಿರಿಜಾಬಾಯಿ ಬಂದಿದ್ದಳು. ಶಾರದಾಬಾಯಿ ಸೊಸೆಯತ್ತ ತಿರುಗಿದಳು. "ಇಕಿಗೆ ಹೇಳವ್ವ. ಕುಂತಿದ್ದ, ಹೌದಲ್ಲ?"

"ಹೌದ್ರಿ ಅತ್ತಿ," ಎಂದಳು ಅಕ್ಕನಾಗಮ್ಮ. "ಕುಂತಿದ್ರು."