ಖಾಲಿ ಬಿದ್ದ ಅಂಕಣ

"ಆ ಸಾಲು ಅಳಸಾಕ ಯಾರ್ ಹೇಳಿದ್ರಿ ನಿಮಗ?" ಸಮೃದ್ಧಿ ಕೇಳಿದ ಜೋರಿಗೆ ಕ್ಯಾಂಪ್ ಬಡಾವಣೆಯ ಆ ಪುಟ್ಟ ತಂತ್ರಾಂಶದ ಆಫೀಸಿನವರೆಲ್ಲ ತಿರುಗಿ ನೋಡಿದರು.

ಯಜಮಾನ ಶಶಿಧರ ಚಹಾದ ಕಪ್ಪಿನಿಂದ ತಲೆ ಎತ್ತಲಿಲ್ಲ. "ನಿನ್ನೆ ಟೆಂಡರಿನ ಸಾಹೇಬ್ರು ನೋಡಾಕ ಬಂದಿದ್ರವಾ. ಪರದೆ ತುಂಬಾ ಕಸಾ ಕಾಣತಿತ್ತು. ತಗದ್ನಿ."

ಕಸವಂತೆ! ಸಮೃದ್ಧಿಗೆ ಮೈಯೆಲ್ಲ ಉರಿಯಿತು. ಖಾನಾಪುರದ ಲ್ಯಾಬಿನ ರಕ್ತಪರೀಕ್ಷೆಯ ವರದಿಯನ್ನು ಇನ್ನೊಂದು ನಮೂನೆಯೊಳಗಿಟ್ಟು ಅಲ್ಲಿನ ಆಸ್ಪತ್ರೆಗೆ ಕಳಿಸುವುದು ಅವಳ ಕೆಲಸ. ಪ್ಲೇಟ್‌ಲೆಟ್ ಎಂಬ ರಕ್ತ ಹೆಪ್ಪುಗಟ್ಟಿಸುವ ಕಣ ತೀರ ಇಳಿದರೆ ಲ್ಯಾಬಿನ ಯಂತ್ರ ಎಣಿಸುವ ಗೋಜಿಗೆ ಹೋಗದೆ '<20000' ಎಂದು, ಅಂದರೆ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಎಂದು ಬರೆಯುತ್ತದೆ. ಆ ಕೊಕ್ಕೆ ಗುರುತಿಗೆ ಹೊರಗಿನ ನಮೂನೆಯಲ್ಲಿ ಬೇರೆಯೇ ಅರ್ಥ, ಹೊಸ ಅಂಕಣ ಶುರು ಎಂದು. ಅದಕ್ಕೇ ಒಳಗಿನ ಕೊಕ್ಕೆಗೆ '&lt;' ಎಂಬ ಮುಸುಕು ಹಾಕಿ ಕಳಿಸಬೇಕು, ಆಸ್ಪತ್ರೆಯ ತಂತ್ರಾಂಶ ಮುಸುಕು ತೆಗೆದು ಓದಿಕೊಳ್ಳುತ್ತದೆ. ಶಶಿಧರ ಕಸವೆಂದು ಕಿತ್ತೆಸೆದದ್ದು ಈ ಮುಸುಕು ಹಾಕುವ ಸಾಲನ್ನೇ. ಮುಸುಕಿಲ್ಲದೆ ಬರಿಯ ಕೊಕ್ಕೆಯೇ ಹೋಯಿತು, ಆಸ್ಪತ್ರೆಯ ತಂತ್ರಾಂಶ ಅದರ ಜೊತೆಗಿದ್ದ ಅಂಕಿಯನ್ನೂ ನುಂಗಿ ಅಂಕಣ ಖಾಲಿ ಬಿಟ್ಟಿತು. ದೋಷವಿದ್ದರೆ ಮಾತ್ರ ಅಂಕಿ ತೋರಿಸುವುದು ಅಲ್ಲಿನ ರೂಢಿ. ಖಾಲಿ ಎಂದರೆ ಎಲ್ಲ ಸರಿ.

"ಮೂರು ಮಂದಿ ಸರ. ಆರಾಮ ಅದೀರಿ ಅಂತ ಹೇಳಿ ಮನಿಗೆ ಕಳಸ್ಯಾರ."

"ಸೋಮವಾರ ಸರಿ ಮಾಡೂಣು. ಈಗ ಗದ್ದಲ ಬ್ಯಾಡ, ಟೆಂಡರ್ ಐತಿ."

"ನಿಮ್ಮ ಟೆಂಡರಿಗಿ ಬೆಂಕಿ ಹತ್ತಲಿ!"

ಅಂದ ಮೇಲೆ ಅವಳಿಗೇ ಗಾಬರಿಯಾಯಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಖಾನಾಪುರದ ಲ್ಯಾಬಿನ ಪಾರ್ಶ್ವನಾಥನಿಗೆ ಫೋನು ಹಚ್ಚಿ ಮೂರೂ ನಂಬರು ಬರೆದುಕೊಂಡಳು. ಇಬ್ಬರು ಸಿಕ್ಕರು, ಆಸ್ಪತ್ರೆಗೆ ಹೊರಟರು. ಮೂರನೆಯವಳು ಮಾಯಕ್ಕ, ಐದು ದಿನದಿಂದ ಜ್ವರದವಳು. ನಾಲ್ಕನೆಯ ಸಲಕ್ಕೆ ಫೋನು ಎತ್ತಿದಳು. ಲ್ಯಾಬಿನ ಕಡೆಯಿಂದ ಎಂದು ಸಮೃದ್ಧಿ ವರದಿಯ ಮಾತೆತ್ತಿದಳು.

"ಯಾಕವಾ, ರಿಪೋರ್ಟ್ ಚಲೋ ಬಂದೈತಿ ಅಂತ ಡಾಕ್ಟರ್ ಹೇಳಿದ್ರಲ್ಲ?"

"ತಪ್ಪು ನಮ್ದರೀ. ಹಲ್ಲಿನ್ಯಾಗ ರಕ್ತ ಬರಾಕತ್ತೈತೇನ್ರಿ?"

"ನಿನಗ ಹ್ಯಾಂಗ ಗೊತ್ತಾತು?"

"ಈಗಿಂದೀಗ ದವಾಖಾನಿಗೆ ಹೋಗ್ರಿ. ಯಾರನ್ನರ ಜೋಡಿ ಕರಕೊಂಡ ಹೋಗ್ರಿ. ಫೋನ್ ಇಡಬ್ಯಾಡ್ರಿ."

"ತಡಿ, ಬಾಯಿ ತೊಳಕೊಂಡ ಬರ್ತೀನಿ."

ಫೋನು ಎಲ್ಲೋ ಕಲ್ಲಿನ ಮೇಲೆ ಕೂತ ಸದ್ದು. ನೀರು ಮುಕ್ಕಳಿಸಿ ಉಗುಳುವುದು ಕೇಳಿಸಿತು. ಮತ್ತೆ ಮುಕ್ಕಳಿಸಿದಳು. ಮತ್ತೆ ಉಗುಳಿದಳು. ಸಮೃದ್ಧಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ನೀರಿನ ಸದ್ದು ನಿಲ್ಲಲೇ ಇಲ್ಲ.