ಗಂಜಳದ ಗಾಳಿ

"ನಿನ್ ಕೈ ಬಿದ್ದ ಮ್ಯಾಲೆ ಕಣಮ್ಮಿ ಈ ನಾತ ಸುರುವಾಗಿರದು! ಇಳಿ ಕೆಳೀಕೆ. ಇಳಿ ಅಂದೆ!"

ಯಶೋಧರಾ ಇಳಿಯಲಿಲ್ಲ. ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ, ಹಲ್ಲಿನ ನಡುವೆ ಎರಡು ಸ್ಕ್ರೂ ಕಚ್ಚಿಕೊಂಡು, ಎ.ಸಿ.ಯ ಮುಚ್ಚಳಕ್ಕೆ ಎರಡೂ ಕೈ ಕೊಟ್ಟು ನಿಂತಿದ್ದಳು. ಬಾಯಿ ತೆರೆದರೆ ಸ್ಕ್ರೂ ಬೀಳುತ್ತದೆ. ಬಿದ್ದರೆ ನೇರವಾಗಿ ಕೆಳಗೆ ನಿಂತು ಕೂಗುತ್ತಿದ್ದ ಮನೆಯ ಯಜಮಾನ ಶಿವಶಂಕರನ ಬೋಳು ನೆತ್ತಿಯ ಮೇಲೆ. ಒಂದು ಗಳಿಗೆ ಆಸೆಯೇನೋ ಆಯಿತು. ನುಂಗಿಕೊಂಡಳು, ಆಸೆಯನ್ನು.

ಹಿಂಬಾಗಿಲಿನಿಂದ ಏಣಿಯ ಬುಡದವರೆಗೆ ಹಳೇ ಪೇಪರು ಹಾಸಿತ್ತು. ಅವಳು ಬರುವ ದಿನ ಹಾಗೆ ಹಾಸುತ್ತಿದ್ದರು. ಮೊದಲ ಸಲ, ನೆಲ ಗಲೀಜಾಗದಿರಲಿ ಅಂತ ಇರಬೇಕು ಎಂದುಕೊಂಡಿದ್ದಳು. ಎರಡನೇ ಸಲ ಅವಳು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಮಾಲೀಕ ದೇವರಾಜು ಜತೆಗೆ ಬಂದಿದ್ದ. ಅವನ ಕೆಸರು ಚಪ್ಪಲಿ ಮುಂಬಾಗಿಲಿನಿಂದಲೇ ಗ್ರಾನೈಟು ತುಳಿದುಕೊಂಡು ಒಳಗೆ ಬಂದಾಗ, ಪೇಪರು ಯಾತಕ್ಕೆ ಎಂಬುದು ಅರ್ಥವಾಯಿತು. ಚಿನಕುರಳಿಯ ಕೇರಿಯ ಚಿಕ್ಕಯ್ಯನ ಮಗಳು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮೇಲೆ ಐ.ಟಿ.ಐ. ಸರ್ಟಿಫಿಕೇಟನ್ನು ಹಣೆಗೆ ಅಂಟಿಸಿಕೊಂಡು ಬಂದರೂ ಪೇಪರು ಪೇಪರೇ.

ಆ ಮನೆಗೆ ಎ.ಸಿ. ಬಂದದ್ದು ಎಂಟು ತಿಂಗಳ ಹಿಂದೆ. ಶಿವಶಂಕರನ ಆರು ವರ್ಷದ ಮಗಳ ಎದೆ ಸಿಳ್ಳು ಹಾಕುತ್ತಿತ್ತು. ಮೈಸೂರಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಕಿಟಕಿ ಮುಚ್ಚಿಡಿ, ಎ.ಸಿ. ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಫಿಲ್ಟರು ತೊಳೆಯಿರಿ, ತಿಂಗಳಿಗೊಮ್ಮೆ ಒಳಗಡೆ ಸರ್ವಿಸ್ ಮಾಡಿಸಿ, ಮಗುವಿಗೆ ಒಳ್ಳೇ ಗಾಳಿ ಸಿಗಬೇಕು. ಕಿಟಕಿ ಯಾಕೆ ಮುಚ್ಚಬೇಕು ಎಂದರೆ, ಹೊರಗೆ ಕಲ್ಲು ಪುಡಿ ಮಾಡುವ ಕ್ರಷರಿನ ಬಿಳೀ ದೂಳು. ಕ್ರಷರು ಯಾರದ್ದು ಎಂದರೆ, ಶಿವಶಂಕರನದ್ದೇ.

ಅದೇ ಕ್ರಷರಿನಲ್ಲಿ ಹನ್ನೊಂದು ವರ್ಷ ಜಲ್ಲಿ ತುಂಬಿದ ಚಿಕ್ಕಯ್ಯನ ಎದೆಯೂ ಸಿಳ್ಳು ಹಾಕುತ್ತಿತ್ತು. ಅವನಿಗೆ ಡಾಕ್ಟರು ಎ.ಸಿ. ಬರೆಯಲಿಲ್ಲ. ಬೀಡಿ ಬಿಡು ಎಂದರು. ಚಿಕ್ಕಯ್ಯ ಬೀಡಿ ಹಚ್ಚಿದವನೇ ಅಲ್ಲ.

"ಇಳಿಯವ್ವ ಯಶೋಧ," ದೇವರಾಜು ಮೆತ್ತಗೆ ಅಂದ. ಅವನ ಕೈಯಲ್ಲಿ ಸರ್ವಿಸ್ ಕಾರ್ಡಿತ್ತು. ಎ.ಸಿ.ಯ ಪಕ್ಕದಲ್ಲೇ ದಾರದಲ್ಲಿ ನೇತುಹಾಕಿದ್ದ ಹಳದಿ ಕಾರ್ಡು; ಎಂಟು ಸಾಲು, ಎಂಟರಲ್ಲೂ ಅವಳ ಸಹಿ. "ಒಂದು ಸಾಲು ಬರ್ದುಬುಡು. 'ನನ್ನ ಕೆಲಸದಲ್ಲಿ ತಪ್ಪಾಗಿದೆ' ಅಂತ. ಸಾಹುಕಾರ್ರ ಕೋಪ ಇಳೀತದೆ. ಈ ಮನೇದು, ಮಿಲ್ಲುದು, ಛತ್ರದ್ದು, ಎಲ್ಲಾ ಮಿಸಿನ್ನು ನಮ್ ಅಂಗಡಿಗೇ ಬತ್ತವೆ ಕಣವ್ವ."

ಅವಳು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡಳು. "ಬರುದ್ರೆ?"

"ಬರುದ್ರೆ ನೀನು ಅಂಗ್ಡೀಲೇ ಕುಂತ್ಕೊ. ಫೋನ್ ಎತ್ಕೊ, ಟೀ ತರ್ಸು. ಎಣ್ ಉಡ್ಗಿಗೆ ಏಣಿ ಯಾಕೆ?"

"ಬರೀದಿದ್ರೆ?"

ದೇವರಾಜು ಗ್ರಾನೈಟಿನ ಹೂವುಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ. "ಬರೀದಿದ್ರೆ ಫೋನೂ ಬ್ಯಾಡ."

ನಾಗಮಂಗಲದ ಐ.ಟಿ.ಐ.ನಲ್ಲಿ ಎರಡು ವರ್ಷ, ಇಪ್ಪತ್ತಾರು ಹುಡುಗರ ಮಧ್ಯೆ ಒಬ್ಬಳೇ ಹುಡುಗಿ. ಏಣಿ ಹತ್ತಿದಾಗ ಕೆಳಗೆ ನಿಂತು ಹಲ್ಲು ಕಿರಿದವರ ಮೇಲೆ ಬೇಕೆಂದೇ ಸ್ಪ್ಯಾನರು ಬೀಳಿಸಿ ಗಳಿಸಿದ ಏಣಿ ಅದು.

"ಮೊದ್ಲು ಬಿಚ್ ನೋಡ್ತೀನಿ. ಆಮೇಲೆ ಏನಾಗದೋ ಅದ್ನೇ ಬರೀತೀನಿ," ಅಂದಳು.

"ಏನ್ ಕಿಸೀತಾಳೋ ಕಿಸೀಲಿ ಬುಡು," ಮಂಚದ ಮೇಲಿದ್ದ ಸೋಮಮ್ಮ ಮೂಗಿಗೆ ಸೆರಗು ಒತ್ತಿಕೊಂಡೇ ಅಂದಳು. ಶಿವಶಂಕರನ ತಾಯಿ, ಮಂಡಿ ನೋವೆಂದು ಹಿತ್ತಿಲಿಗೂ ಇಳಿಯದವಳು. "ಒಲಗೇರಿಯೋರು ಮುಟ್ಟಿದ ಗಾಳಿ ನಾರ್ದೆ ಗಂಧ ಬೀರ್ತದಾ?"

ಮುಚ್ಚಳ ಬಂತು. ಬಂದ ಕೂಡಲೇ ನಾತ ಎದ್ದು ಮುಖಕ್ಕೆ ಹೊಡೆಯಿತು. ದೇವರಾಜು ಎರಡು ಹೆಜ್ಜೆ ಹಿಂದೆ ಹೋದ. ಯಶೋಧರಾ ಟಾರ್ಚು ಬಿಟ್ಟಳು. ತಿಂಗಳ ಹಿಂದೆ ಅವಳೇ ತೊಳೆದು ಹೊಳೆಯಿಸಿದ್ದ ತಗಡಿನ ಪಟ್ಟಿಗಳು ಬಿಳಿಬಿಳಿಯಾಗಿ ಸುಣ್ಣದಂತೆ ಉದುರುತ್ತಿದ್ದವು. ತಾಮ್ರದ ಕೊಳವೆ ಬಾಗಿದ ಕಡೆಯಲ್ಲೆಲ್ಲ ನವಿಲಿನ ಕತ್ತಿನ ಬಣ್ಣ.

ಆ ಬಣ್ಣ ಅವಳಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಹೋಟೆಲಿನ ಎ.ಸಿ.ಯ ಹೊರಗಿನ ಡಬ್ಬವನ್ನು ಐ.ಟಿ.ಐ. ಮೇಷ್ಟ್ರು ತೋರಿಸಿದ್ದರು. ಬಸ್ಸು ಇಳಿದ ಗಂಡಸರೆಲ್ಲ ಅದರ ಮೇಲೇ ಧಾರೆ ಬಿಟ್ಟೂ ಬಿಟ್ಟೂ ತಾಮ್ರ ಹೀಗೇ ನೀಲಿಗಟ್ಟಿ, ತೂತಾಗಿ, ಗ್ಯಾಸೆಲ್ಲ ಹೋಗಿತ್ತು. ಆದರೆ ಇದು ಮನೆಯ ಒಳಗೆ, ಗೋಡೆಯ ಮೇಲೆ, ಏಳಡಿ ಎತ್ತರದಲ್ಲಿದೆ. ಎಷ್ಟೇ ದೊಡ್ಡ ಮನುಷ್ಯನಾದರೂ ಅಷ್ಟೆತ್ತರಕ್ಕೆ ಹೊಡೆಯಲಾರ.

ನೀರಿನ ತಟ್ಟೆಗೆ ಬೆರಳು ಹಾಕಿದಳು. ಏನೋ ಸಿಕ್ಕಿತು. ಮಾವಿನ ಎಲೆ, ತುದಿಗೆ ಅರಿಶಿನ.

"ಅಜ್ಜಿ, ಇದು ಇಲ್ಲಿಗೆಂಗೆ ಬಂತು?"

ಸೋಮಮ್ಮನಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ಸುದ್ದ ಮಾಡಿದ್ದು ಕಣಮ್ಮಿ. ನೀನು ಅದರ ಕಳ್ಳುಪಚ್ಚಿ ಎಲ್ಲಾ ಮುಟ್ಬುಟ್ಟು ಓದ್ಮೇಲೆ ಅಂಗೇ ಬುಡಾಕಾದದಾ? ಬರೀ ನೆಲುಕ್ಕೆ ಗಂಜಳ ಎರಚುದ್ರೆ ಸಾಕಾ? ಗಾಳಿ ಬರದು ಅದರೊಳುಗ್ಲಿಂದ ತಾನೆ?"

"ಎಷ್ಟ್ ಸಲ?"

"ನೀ ಬಂದ್ಬಂದಂಗೆಲ್ಲಾ. ಮೊದ್ಮೊದ್ಲು ಎಲೇಲಿ ಚಿಮುಕುಸ್ತಿದ್ದೆ. ಒಳೀಕೆ ಓಯ್ತಿರ್ನಿಲ್ಲ ಮುಂಡೇದು. ಆಮೇಕೆ ಮಂಡಿ ನೋವಾದ್ರೂ ಆಗ್ಲಿ ಅಂತ ಮಂಚ ಅತ್ತಿ, ಮುಸುಡಿ ತಗ್ದು, ಚೊಂಬ್ನಲ್ಲೇ ಉಯ್ದೆ."

ಯಶೋಧರಾ ಏಣಿಯ ಮೇಲೇ ಲೆಕ್ಕ ಹಾಕಿದಳು. ಕೂಸು ಕೆಮ್ಮುತ್ತದೆ, ಸರ್ವಿಸ್ ಮಾಡಿಸಿ ಎಂದು ಡಾಕ್ಟರು ಹೇಳುತ್ತಾರೆ. ಇವಳು ಬಂದು ತೊಳೆಯುತ್ತಾಳೆ; ಇವಳು ತೊಳೆದದ್ದಕ್ಕೆ ಅಜ್ಜಿ ಗಂಜಳ ಹುಯ್ಯುತ್ತಾಳೆ. ಕೂಸು ಇನ್ನೂ ಜೋರಾಗಿ ಕೆಮ್ಮುತ್ತದೆ. ಮತ್ತೆ ಫೋನು ಬರುತ್ತದೆ. ಎಂಟು ಸಲ. ಎಂಟು ತಿಂಗಳು ಈ ಮನೆಯವರು ಬಾಗಿಲು ಕಿಟಕಿ ಜಡಿದುಕೊಂಡು, ಇಪ್ಪತ್ನಾಲ್ಕು ಡಿಗ್ರಿಯಲ್ಲಿಟ್ಟು, ತಣ್ಣಗೆ ಉಚ್ಚೆಯ ಗಾಳಿ ಕುಡಿದಿದ್ದರು.

ನಗು ಬಂತು. ತಡೆದಳು. ಬಾಗಿಲ ಬಳಿ ಶಿವಶಂಕರನ ಹೆಂಡತಿ ಪ್ರಮೀಳಾ ಕೂಸನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಔಷಧಿ ಹೊಗೆ ಕೊಡುವ ಮಾಸ್ಕು ಕೂಸಿನ ಕೊರಳಲ್ಲಿ ಇನ್ನೂ ನೇತಾಡುತ್ತಿತ್ತು. ನಗು ಹೋಯಿತು.

"ಅಷ್ಟೂ ದಿನ ಕೂಸಿನ ಮೊಕಕ್ಕೆ ಅದೇ ಗಾಳಿನಾ ಅತ್ತೆ?" ಪ್ರಮೀಳಾ ಕೇಳಿದಳು.

"ಮುಚ್ಚೇ ಬಾಯಿ!" ಶಿವಶಂಕರ ಹೆಂಡತಿಗೆ ಗದರಿ ಏಣಿಯ ಕಡೆ ತಿರುಗಿದ. "ಗಂಜಳ ಅಂದ್ರೆ ಔಸ್ದಿ ಕಣಮ್ಮಿ, ಔಸ್ದಿ! ದಿನಾ ಎದ್ದೇಟ್ಗೆ ಒಂದ್ ಲೋಟ ಕುಡೀತೀನಿ ನಾನು. ಸುಗರ್ರು ಎಂಗದೆ ಗೊತ್ತಾ? ಗಂಜಳದಿಂದ ತಾಮ್ರ ತೂತಾಯ್ತದೆ ಅಂದ್ರೆ ನನ್ ಕರುಳು ಇಷ್ಟೊತ್ಗೆ ಏನಾಗ್ಬೇಕಿತ್ತು?"

"ದೇವ್ರಾಜಣ್ಣ, ನೀವೇ ಯೋಳಿ. ಈ ಬಣ್ಣ ಯಾತರದ್ದು?"

ದೇವರಾಜು ಹದಿನೆಂಟು ವರ್ಷದ ಮೆಕ್ಯಾನಿಕ್ಕು. ಬಣ್ಣ ನೋಡಿದ. ಶಿವಶಂಕರನ ಮುಖ ನೋಡಿದ. "ಅದೂ... ಗ್ಯಾಸು... ಒಂದೊಂದ್ ಸಲ... ವಾತಾವರ್ಣ..." ಅಂದು ಕೆಮ್ಮಿದ.

ಯಶೋಧರಾ ಕೆಳಗೆ ಬಂದಳು. ಅವನ ಕೈಯಿಂದ ಕಾರ್ಡು ತೆಗೆದುಕೊಂಡಳು, ಕಿವಿಯ ಸಂದಿಯಿಂದ ಪೆನ್ನು ತೆಗೆದಳು, ಏಣಿಯ ಮೆಟ್ಟಿಲ ಮೇಲಿಟ್ಟು ಬರೆದಳು. ಅಕ್ಷರ ದುಂಡಗಿತ್ತು. ಬರೆದದ್ದನ್ನು ಜೋರಾಗಿ ಓದಿದಳು.

"ತಾಮ್ರ ತೂತು. ಗ್ಯಾಸು ಖಾಲಿ. ಕಾರಣ: ಗಂಜಳ. ತೊಳೆದವರು, ಯಶೋಧರಾ, ಎಂಟು ಸಲ. ಹುಯ್ದವರು, ಮನೆಯವರು, ಎಂಟು ಸಲ." ಕೆಳಗೆ ಸಹಿ ಹಾಕಿ ಮತ್ತೆ ದಾರಕ್ಕೆ ಸಿಕ್ಕಿಸಿದಳು.

"ಲೌಡಿ ತಂದು!" ಶಿವಶಂಕರನ ನೆತ್ತಿ ಕೆಂಪಾಯಿತು. "ನಮ್ಮನೇಲಿ ನಿಂತ್ಕಂಡು ನಮ್ ಮಾನ ಬರೆದು ನೇತಾಕ್ತೀಯಾ? ಅವ್ವ, ತರ್ಸು ಚೊಂಬ. ಇವಳ ಕಣ್ ಮುಂದೇನೆ ಸುದ್ದ ಮಾಡು. ಎಲ್ಲಿ ತೂತಾಯ್ತದೋ ನೋಡ್ಬುಡ್ತೀನಿ!"

"ಲೇ ಕುಳ್ಳೀ! ಗಂಜಳ ತತ್ತಾರೇ!" ಸೋಮಮ್ಮ ಹಿತ್ತಿಲ ಕಡೆ ಕೂಗು ಹಾಕಿದಳು.

ಹಿಂಬಾಗಿಲಲ್ಲಿ ಕುಳ್ಳಮ್ಮ ಕಾಣಿಸಿಕೊಂಡಳು. ಮೂವತ್ತು ವರ್ಷದಿಂದ ಆ ಮನೆಯ ಕೊಟ್ಟಿಗೆ ಬಳಿಯುತ್ತಿದ್ದವಳು. ಯಶೋಧರಾಗೆ ಕೇರಿಯ ವರಸೆಯಲ್ಲಿ ಅತ್ತೆ. ಚೊಂಬನ್ನು ಹೊಸ್ತಿಲಾಚೆ ಇಟ್ಟು, ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ನಿಂತಳು.

ಯಶೋಧರಾ ಚೊಂಬನ್ನೇ ನೋಡಿದಳು. "ಅಜ್ಜಿ, ಗಂಜಳ ಇಡಿಯೋರು ಯಾರು?"

"ಇನ್ಯಾರು, ಕುಳ್ಳಿ. ನಂಗೆ ಮಂಡಿ ಬಗ್ತದಾ?"

"ಕುಳ್ಳಮ್ಮತ್ತೆ ಯಾವ ಕೇರಿ?"

ಸೋಮಮ್ಮ ಮೂಗಿನ ಮೇಲಿನ ಸೆರಗು ಇಳಿಸಿದಳು. ಅವಳು ಸೋಲುವ ಪೈಕಿಯಲ್ಲ. "ಅದು ಬರದು ಹಸಿನಿಂದ ಕಣೇ, ಕೈಯಿಂದಲ್ಲ! ಹಸಿಂದು ಯಾರ್ ಇಡುದ್ರೂ ಸುದ್ದವೇ."

"ಹಸಾ?" ಅಂದಳು ಕುಳ್ಳಮ್ಮ.

ಎಲ್ಲರೂ ತಿರುಗಿದರು.

"ಯಾವ ಹಸ ಅವ್ವಾರೆ? ದೂಳಿಗೆ ಹಾಲು ಕಮ್ಮಿಯಾಯ್ತದೆ ಅಂತ ನಿಮ್ ಮಗ ಹಸ ಎಲ್ಲಾವ ನಾಲೆ ಆಚೆ ತ್ವಾಟುಕ್ಕೆ ಒಡ್ಕೊಂಡೋಗಿ ಮೂರು ತಿಂಗ್ಳಾಯ್ತು. ಹಸಿನ ಎದೆಗೆ ದೂಳು ಬ್ಯಾಡ, ಸರಿ. ನಮ್ಗೆ ಈ ಸೆರಗೇ ಫಿಲ್ಟ್ರು, ಅದೂ ಸರಿ. ಕೊಟ್ಟಿಗೇಲಿ ಈಗ ನಾನೂ ಪೊರಕೇನೂ ಅಷ್ಟೆ ಇರದು. ನೀವು ನೋಡುದ್ರೆ ದಿನಾ ಒತ್ತಾರೆ ಗಂಜಳ ತತ್ತಾ, ಗಂಜಳ ತತ್ತಾ ಅಂತೀರಿ."

"ತ್ವಾಟುದಿಂದ ತತ್ತಿದ್ದೀಯ ತಾನೆ?" ಶಿವಶಂಕರನ ದನಿ ಸಣ್ಣಗಾಗಿತ್ತು.

"ಓಗಿ ಬರಾಕೆ ನಾಕು ಮೈಲಿ ಕಣಪ್ಪ. ಅದು ಬಾಲ ಎತ್ತಗಂಟ ಅದರ ತಿಕ ನೋಡ್ಕಂಡು ಕುಂತಿರಾಕೆ ನಂಗೇನ್ ಬ್ಯಾರೆ ಕ್ಯಾಮೆ ಇಲ್ವಾ?"

"ಮತ್ತೆ... ಇದು?"

ಕುಳ್ಳಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅವಸರವಿರಲಿಲ್ಲ. ಪಕ್ಕಕ್ಕೆ ತಿರುಗಿ ಹಿತ್ತಿಲಿಗೆ ಎಲೆರಸ ಪಿಚಕ್ಕನೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ನಂಗೂ ದಿನಾ ಒತ್ತಾರೆ ಬತ್ತದಲ್ಲ ಸಾಮಿ," ಅಂದಳು.

ಶಿವಶಂಕರ ಬಾಯಿಗೆ ಕೈ ಒತ್ತಿಕೊಂಡು ಬಚ್ಚಲಿಗೆ ಓಡಿದ. ಬಾಗಿಲು ಹಾಕಲೂ ಪುರಸೊತ್ತಾಗಲಿಲ್ಲ. ಅವನ ಕರುಳು ಏನಾಗಿದೆ ಎಂಬುದು ಬೀದಿಗೇ ಕೇಳಿಸುವಂತಿತ್ತು. ಪ್ರಮೀಳಾ ಕೂಸಿನ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ, ಯಶೋಧರಾಗೆ ತಿಳಿಯಲಿಲ್ಲ.

ಪೇಪರಿನ ದಾರಿ ಹಿಂಬಾಗಿಲಿಗೆ ಹೋಗುತ್ತಿತ್ತು. ಯಶೋಧರಾ ಏಣಿ ಮಡಿಚಿ, ಹೆಗಲಿಗೇರಿಸಿ, ಮುಂಬಾಗಿಲ ಕಡೆ ತಿರುಗಿದಳು. ಕುಳ್ಳಮ್ಮ ಹೊಸ್ತಿಲು ದಾಟಿ ಬಂದು ಹಿಂದಿನ ತುದಿಗೆ ಹೆಗಲು ಕೊಟ್ಟಳು. ದೂಳು ಮೆತ್ತಿದ ಎರಡು ಬರಿಗಾಲು, ಗ್ರೀಸು ಮೆತ್ತಿದ ಎರಡು ಚಪ್ಪಲಿ, ಹೊಳೆಯುವ ಗ್ರಾನೈಟಿನ ನಟ್ಟನಡುವೆ, ಸೋಫಾದ ಪಕ್ಕದಲ್ಲಿ, ದೇವರಕೋಣೆಯ ಎದುರಿಗೆ. ಸೋಮಮ್ಮ ಅವರು ತುಳಿದ ನೆಲ ನೋಡಿದಳು, ಚೊಂಬು ನೋಡಿದಳು. ಮತ್ತೆ ನೆಲ ನೋಡಿದಳು, ಮತ್ತೆ ಚೊಂಬು ನೋಡಿದಳು. ಕೈ ಮಾತ್ರ ಏಳಲಿಲ್ಲ.

ಹೊರಗೆ ದೇವರಾಜು ಸ್ಕೂಟರು ಹತ್ತಿಯಾಗಿತ್ತು. "ನಾಳೆಯಿಂದ ಅಂಗ್ಡಿ ಕಡೆ ಬರ್ಬ್ಯಾಡ ನೀನು. ಏಣಿ ಇಲ್ಲೇ ಮಡುಗು. ಅದು ಅಂಗ್ಡಿದು."

"ಬೇಕಾದ್ರೆ ನಮ್ ಕೇರಿಗೆ ಬಂದು ಇಸ್ಕೊಳಿ," ಅಂದಳು ಯಶೋಧರಾ. "ಪೇಪರು ಆಸಿರ್ತೀನಿ."

ಸ್ಕೂಟರು ಹೋಯಿತು. ಹಿಂದೆ ಕಿಟಕಿಯೊಂದು ತೆರೆದ ಸದ್ದಾಯಿತು. ಎಂಟು ತಿಂಗಳಿಂದ ಜಡಿದಿದ್ದ ಕಿಟಕಿ. ಪ್ರಮೀಳಾಳ ಬಳೆಯ ಕೈ ಕಾಣಿಸಿತು. ಅದೇ ಹೊತ್ತಿಗೆ ಊಟದ ಬಿಡುವು ಮುಗಿದು ಕ್ರಷರು ಗುಡುಗಿತು. ಬಿಳೀ ದೂಳು ಎದ್ದು ಆಲೋಚನೆ ಮಾಡುವವರಂತೆ ಒಂದಿಷ್ಟು ನಿಂತು, ಊರಿನ ಕಡೆ ವಾಲಿತು. ಕಿಟಕಿ ಅರ್ಧ ಮುಚ್ಚಿತು, ಮತ್ತೆ ತೆರೆಯಿತು, ಅರ್ಧಕ್ಕೇ ನಿಂತಿತು. ಒಳಗಿನಿಂದ ಕೂಸಿನ ಕೆಮ್ಮು ಬಂತು.

ಇಬ್ಬರೂ ಸೆರಗು, ದುಪಟ್ಟ ಮೂಗಿಗೆ ಕಟ್ಟಿಕೊಂಡು ನಡೆದರು. ಏಣಿ ಹೆಗಲಿಂದ ಹೆಗಲಿಗೆ ಜೀಕುತ್ತಿತ್ತು. ನಾಳೆ ಯಾವ ಗೋಡೆಗೆ ಅದನ್ನು ಆನಿಸುವುದೋ ಅವಳಿಗೆ ಗೊತ್ತಿರಲಿಲ್ಲ. ಕೇರಿಯ ತಿರುವಿನಲ್ಲಿ ತಡೆಯಲಾರದೆ ಕೇಳಿದಳು:

"ಅತ್ತೆ, ದಿಟವಾ ನೀ ಯೋಳಿದ್ದು?"

ಕುಳ್ಳಮ್ಮ ಏಣಿಯ ಹಿಂದಿನ ತುದಿಯಿಂದಲೇ ಅಂದಳು: "ಇನ್ನೂ ಚೊಂಬು ಅಲ್ಲೇ ಅದೆ. ಮೂಸಿ ಕಂಡ್ಕಳ್ಳಿ ಬುಡು."